ಒಂದು ನುಡಿಗಟ್ಟಿನ ಕಥೆ

ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಪರದೇಶದವನೊಬ್ಬನು ನಮ್ಮ ಊರಿಗೆ ಬಂದಿದ್ದಾನೆಂದು ಭಾವಿಸೋಣ. ಅವನ ಕೈಯಲ್ಲಿ ದೊಡ್ಡದೊಂದು ನಿಘಂಟು ಇದೆ. ಸಂತೆಯಲ್ಲಿ ಇಬ್ಬರು ರೈತರು ಮಾತನಾಡುತ್ತಿದ್ದಾರೆ. "ಈ ವರ್ಷ ಮಳೆ ಕೈಕೊಟ್ಟಿತು" ಎಂದು ಒಬ್ಬನು ನಿಟ್ಟುಸಿರು ಬಿಡುತ್ತಾನೆ. ಪರದೇಶದವನು ನಿಘಂಟನ್ನು ತೆರೆದು 'ಕೈ' ಎಂಬ ಪದವನ್ನು ಹುಡುಕುತ್ತಾನೆ. 'ಕೊಡು' ಎಂಬ ಪದವನ್ನೂ ಹುಡುಕುತ್ತಾನೆ. ಅವನ ಭಾಷೆಯಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಆದುದರಿಂದ ಈ ವರ್ಷ ಮಳೆಯು ರೈತನಿಗೆ ತುಂಬ ನೆರವಾಯಿತೆಂದು ತಿಳಿದು, ಅವನ ಬಳಿಗೆ ಹೋಗಿ ಸಂತೋಷದಿಂದ ಅಭಿನಂದನೆ ಹೇಳುತ್ತಾನೆ! ರೈತನ ಮುಖ ಹೇಗಾಗಬಹುದೆಂಬುದನ್ನು ನೀವೇ ಊಹಿಸಬಲ್ಲಿರಿ.

ಆ ಪರದೇಶದವನ ತಪ್ಪಾದರೂ ಏನು? ಅವನು ಪ್ರತಿಯೊಂದು ಪದದ ಅರ್ಥವನ್ನೂ ಸರಿಯಾಗಿಯೇ ತಿಳಿದಿದ್ದನು. ಆದರೆ ಪದಗಳೆರಡು ಒಂದರೊಡನೊಂದು ಬೆಸೆದುಕೊಂಡು ನಿಂತಾಗ ಹುಟ್ಟುವ ಹೊಸ ಅರ್ಥವನ್ನು ಅವನು ಅರಿಯನು. ಹೀಗೆ ಬೆಸೆದುಕೊಂಡ ಪದಗಳ ಗುಂಪನ್ನೇ ನಾವು ನುಡಿಗಟ್ಟು ಎನ್ನುತ್ತೇವೆ. ನುಡಿಗಳನ್ನು ಸೇರಿಸಿ ಹಾಕಿದ ಕಟ್ಟು ಅದು. ಕಟ್ಟನ್ನು ಬಿಚ್ಚಿ ಪದಗಳನ್ನು ಬೇರೆ ಬೇರೆ ಮಾಡಿದರೆ ಪದಗಳು ಕೈಯಲ್ಲಿ ಉಳಿಯುತ್ತವೆ, ಅರ್ಥ ಮಾತ್ರ ಸೋರಿಹೋಗುತ್ತದೆ.

ನಾವು ಇಂಗ್ಲಿಷನ್ನು ಕಲಿಯುವಾಗ ನಮಗೂ ಇದೇ ಅವಸ್ಥೆ ಒದಗುವುದುಂಟು. 'ಪ್ಲೇ ಫಾಸ್ಟ್ ಅಂಡ್ ಲೂಸ್' ಎಂಬುದು ಇಂಗ್ಲಿಷಿನ ಬಹು ಹಳೆಯ ನುಡಿಗಟ್ಟುಗಳಲ್ಲಿ ಒಂದು. ಇಂದಿಗೂ ಅದು ಪತ್ರಿಕೆಗಳಲ್ಲಿ, ಶಾಸನಸಭೆಗಳ ಚರ್ಚೆಗಳಲ್ಲಿ, ನ್ಯಾಯಾಲಯದ ವಾದಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. 'ಪ್ಲೇ' ಎಂದರೆ ಆಡು. 'ಫಾಸ್ಟ್' ಎಂದರೆ ವೇಗ. 'ಲೂಸ್' ಎಂದರೆ ಸಡಿಲ. ಇಷ್ಟನ್ನೇ ನಂಬಿ ಅನುವಾದಿಸಹೊರಟರೆ 'ವೇಗವಾಗಿಯೂ ಸಡಿಲವಾಗಿಯೂ ಆಡಿದನು' ಎಂಬ ವಾಕ್ಯ ಸಿದ್ಧವಾಗುತ್ತದೆ. ಆಟಗಾರನೊಬ್ಬನು ಚೆಂಡಿನ ಹಿಂದೆ ಬಿರುಸಾಗಿ ಓಡುತ್ತಿರುವನೆಂದು ಓದುಗನು ತಿಳಿದಾನು. ಆದರೆ ಈ ಮಾತಿಗೂ ವೇಗಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ಯಾವುದನ್ನು ಗೌರವದಿಂದ, ಎಚ್ಚರದಿಂದ ಕಾಣಬೇಕೋ ಅದನ್ನು ಹಗುರವಾಗಿ ಕಂಡು, ತನ್ನ ಅನುಕೂಲಕ್ಕೆ ತಕ್ಕಂತೆ ನಡೆದುಕೊಳ್ಳುವುದು ಎಂಬುದೇ ಇದರ ಅರ್ಥ. ಈ ಅರ್ಥ ಎಲ್ಲಿಂದ ಬಂದಿತೆಂಬುದು ಸ್ವಾರಸ್ಯವಾದ ಕಥೆ.

ಮೊದಲು 'ಫಾಸ್ಟ್' ಎಂಬ ಪದವನ್ನೇ ವಿಚಾರಿಸೋಣ. ಇಂದು ಈ ಪದವನ್ನು ಕೇಳಿದೊಡನೆ ನಮಗೆ ವೇಗದ ರೈಲೋ ವೇಗದ ಬೌಲಿಂಗೋ ನೆನಪಾಗುತ್ತದೆ. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ಇದಕ್ಕೆ ಇದ್ದ ಮೂಲಾರ್ಥ ಬಿಗಿಯಾದ, ಅಲುಗಾಡದ, ಭದ್ರವಾದ ಎಂಬುದು. ಆ ಹಳೆಯ ಅರ್ಥ ಸತ್ತುಹೋಗಿಲ್ಲ. ನಮಗೆ ಪರಿಚಿತವಾದ ಹಲವು ಮಾತುಗಳಲ್ಲಿ ಇನ್ನೂ ಬದುಕಿದೆ. ಬಟ್ಟೆಯಂಗಡಿಯವನು 'ಇದು ಫಾಸ್ಟ್ ಕಲರ್' ಎನ್ನುತ್ತಾನೆ. ಒಗೆದರೂ ಬಿಡದೆ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುವ ಬಣ್ಣ ಎಂದು ಅದರ ಅರ್ಥ. ವಿಮಾನದಲ್ಲಿ ಕುಳಿತವರಿಗೆ ಸೊಂಟದ ಪಟ್ಟಿಯನ್ನು 'ಫಾಸನ್' ಮಾಡಿಕೊಳ್ಳಿರೆಂದು ಸೂಚಿಸುತ್ತಾರೆ, ಬಿಗಿದುಕೊಳ್ಳಿರೆಂದು ಅರ್ಥ. 'ಫಾಸ್ಟ್ ಅಸ್ಲೀಪ್' ಎಂದರೆ ಅಲುಗಾಡದ ಗಾಢನಿದ್ರೆ. ವೇಗವಾಗಿ ನಿದ್ರಿಸುವುದು ಯಾರಿಂದ ತಾನೇ ಸಾಧ್ಯ? ಉಪವಾಸಕ್ಕೂ ಇಂಗ್ಲಿಷಿನಲ್ಲಿ 'ಫಾಸ್ಟ್' ಎಂಬ ಹೆಸರೇ ಇದೆ. ಹಿಡಿದ ವ್ರತವನ್ನು ಬಿಗಿಯಾಗಿ ನಡೆಸುವುದೆಂಬ ಭಾವದಿಂದ ಅದು ಬಂದಿತು. ರಾತ್ರಿಯ ಉಪವಾಸವನ್ನು ಮುರಿಯುವ ಬೆಳಗಿನ ಊಟವೇ 'ಬ್ರೇಕ್‌ಫಾಸ್ಟ್'.

ಹಾಗಾದರೆ ಬಿಗಿ ಎಂಬ ಅರ್ಥದ ಪದಕ್ಕೆ ವೇಗವೆಂಬ ಅರ್ಥ ಹೇಗೆ ಬಂದಿತು? ಬಿಗಿಯಾಗಿ, ಅಂದರೆ ಶಕ್ತಿಯನ್ನೆಲ್ಲ ಬಿಡದೆ ತೊಡಗಿಸಿ ಓಡುವವನು ಸಹಜವಾಗಿಯೇ ಬೇಗ ಓಡುತ್ತಾನೆ. ಹೀಗೆ ಬಲದ ಅರ್ಥ ಮೆಲ್ಲಮೆಲ್ಲನೆ ವೇಗದ ಅರ್ಥಕ್ಕೆ ಜಾರಿತು. ಇದು ನಮಗೂ ಹೊಸದಲ್ಲ. ಕನ್ನಡದ 'ಬಿರುಸು' ಎಂಬ ಪದವನ್ನು ನೋಡಿರಿ. 'ಬಿರುಸಾದ ಮಾತು' ಎಂದರೆ ಒರಟಾದ, ಗಡುಸಾದ ಮಾತು. 'ಬಿರುಸಾಗಿ ನಡೆದನು' ಎಂದರೆ ವೇಗವಾಗಿ ನಡೆದನು. ಗಡಸುತನವೂ ವೇಗವೂ ಒಂದೇ ಪದದಲ್ಲಿ ನೆಲೆಸಿವೆ. ಎರಡು ದೇಶಗಳ ಜನರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ದಾರಿಯಲ್ಲಿ ನಡೆದಿದ್ದಾರೆ.

ಆದುದರಿಂದ ನಮ್ಮ ನುಡಿಗಟ್ಟಿನಲ್ಲಿರುವುದು ವೇಗ ಮತ್ತು ಸಡಿಲ ಎಂಬ ಹೊಂದದ ಜೋಡಿಯಲ್ಲ. ಬಿಗಿ ಮತ್ತು ಸಡಿಲ ಎಂಬ ಎದುರುಬದುರಾದ ಜೋಡಿ. ಇನ್ನು ಉಳಿದುದು 'ಆಡು' ಎಂಬ ಮಾತು. ಬಿಗಿಯೂ ಸಡಿಲವೂ ಆಗಿರುವ ಆ ಆಟ ಯಾವುದು?

ಹದಿನಾರನೆಯ ಶತಮಾನದ ಇಂಗ್ಲೆಂಡಿನ ಜಾತ್ರೆಗಳಲ್ಲಿಯೂ ಸಂತೆಗಳಲ್ಲಿಯೂ ಒಂದು ಮೋಸದ ಆಟ ನಡೆಯುತ್ತಿತ್ತು. ಆಟ ಕಟ್ಟುವವನ ಬಳಿ ಒಂದು ಉದ್ದವಾದ ತೊಗಲಿನ ಪಟ್ಟಿ ಇರುತ್ತಿತ್ತು. ಅವನು ಅದನ್ನು ನಡುವೆ ಮಡಿಸಿ, ಮಡಿಕೆಯ ತುದಿಯಿಂದ ಸುರುಳಿ ಸುತ್ತಿ, ಮೇಜಿನ ಮೇಲೆ ನಿಲ್ಲಿಸುತ್ತಿದ್ದನು. ಸುರುಳಿಯ ನಡುವೆ ಮಡಿಕೆಯ ಕುಣಿಕೆ ಕಾಣಿಸುತ್ತಿತ್ತು. ನೋಡುವವನು ಹಣವನ್ನು ಪಣವಾಗಿಟ್ಟು, ಆ ಕುಣಿಕೆಯೊಳಕ್ಕೆ ಒಂದು ಕಡ್ಡಿಯನ್ನು ಚುಚ್ಚಬೇಕು. ಅನಂತರ ಆಟ ಕಟ್ಟಿದವನು ಪಟ್ಟಿಯ ಎರಡು ತುದಿಗಳನ್ನೂ ಹಿಡಿದು ಎಳೆಯುವನು. ಕಡ್ಡಿಗೆ ಪಟ್ಟಿ ಸಿಕ್ಕಿಕೊಂಡರೆ ಅದು 'ಫಾಸ್ಟ್', ಅಂದರೆ ಬಿಗಿ. ಕಡ್ಡಿ ಚುಚ್ಚಿದವನಿಗೆ ಗೆಲುವು. ಪಟ್ಟಿ ಕಡ್ಡಿಯನ್ನು ತಪ್ಪಿಸಿಕೊಂಡು ಸರಕ್ಕನೆ ಬಿಚ್ಚಿಕೊಂಡರೆ ಅದು 'ಲೂಸ್', ಅಂದರೆ ಸಡಿಲ. ಆಟ ಕಟ್ಟಿದವನಿಗೆ ಗೆಲುವು.

ನೋಡುವವನ ಕಣ್ಣಿಗೆ ಇದಕ್ಕಿಂತ ಸುಲಭವಾದ ಆಟ ಇನ್ನೊಂದಿಲ್ಲ. ಕುಣಿಕೆ ಎದುರಿಗೇ ಇದೆ. ಕಡ್ಡಿಯೂ ಅದರೊಳಗೇ ಇದೆ. ಆದರೂ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಗುಟ್ಟು ಇಷ್ಟೇ: ಸುರುಳಿಯ ನಡುವೆ ಒಂದಲ್ಲ, ಎರಡು ಕುಣಿಕೆಗಳು ಕಾಣುತ್ತವೆ, ಒಂದು ನಿಜವಾದುದು, ಇನ್ನೊಂದು ತೋರಿಕೆಯದು. ತುದಿಗಳನ್ನು ಹಿಡಿದೆಳೆಯುವ ಬಗೆಯಲ್ಲಿ ಒಂದಿಷ್ಟು ಕೈಚಳಕ ತೋರಿದರೆ ನಿಜವಾದುದು ತೋರಿಕೆಯದಾಗುತ್ತದೆ, ತೋರಿಕೆಯದು ನಿಜವಾಗುತ್ತದೆ. ಕಡ್ಡಿಯನ್ನು ಎಲ್ಲಿ ಚುಚ್ಚಿದರೂ ಬಿಗಿಯೋ ಸಡಿಲವೋ ಎಂಬುದನ್ನು ತೀರ್ಮಾನಿಸುವವನು ಆಟ ಕಟ್ಟಿದವನೇ. ಒಂದು ಉದ್ದನೆಯ ಲಾಡಿಯನ್ನೂ ಒಂದು ಸೀಸದ ಕಡ್ಡಿಯನ್ನೂ ಇಟ್ಟುಕೊಂಡು ನೀವೂ ಇದನ್ನು ಪರೀಕ್ಷಿಸಿ ನೋಡಬಹುದು; ಆದರೆ ಪಣ ಕಟ್ಟಬೇಡಿರಿ!

ಈ ಬಗೆಯ ಕೈಚಳಕಗಳ ಗುಟ್ಟನ್ನು ಬಯಲು ಮಾಡಿದ ಪುಸ್ತಕವೊಂದು 1584ರಲ್ಲಿಯೇ ಅಚ್ಚಾಯಿತು. ಅದನ್ನು ಬರೆದವನು ರೆಜಿನಾಲ್ಡ್ ಸ್ಕಾಟ್ ಎಂಬಾತ. ಆ ಕಾಲದಲ್ಲಿ ಮಾಟಮಂತ್ರ ಮಾಡುತ್ತಾರೆಂಬ ಆರೋಪ ಹೊರಿಸಿ ಮುದುಕಿಯರನ್ನೂ ಅನಾಥೆಯರನ್ನೂ ಹಿಂಸಿಸುವ ಕ್ರೂರ ಪದ್ಧತಿ ಇತ್ತು. ಜನರು ಮಾಟವೆಂದು ಭ್ರಮಿಸುವ ಹಲವು ಸಂಗತಿಗಳು ಬರಿಯ ಕೈಚಳಕಗಳೆಂದು ತೋರಿಸಿಕೊಡುವುದು ಅವನ ಉದ್ದೇಶವಾಗಿತ್ತು. ವಸ್ತ್ರದಲ್ಲಿ ಗಟ್ಟಿಯಾದ ಗಂಟು ಹಾಕಿದಂತೆ ತೋರಿಸಿ ಅದನ್ನು ಸುಲಭವಾಗಿ ಬಿಚ್ಚುವ ಚಮತ್ಕಾರವನ್ನು ಅವನು 'ಫಾಸ್ಟ್ ಅಂಡ್ ಲೂಸ್' ಎಂಬ ಹೆಸರಿನಲ್ಲಿಯೇ ವಿವರಿಸಿದ್ದಾನೆ. ಪಟ್ಟಿಯಾಗಲಿ ಗಂಟಾಗಲಿ, ಆಟದ ತಿರುಳು ಒಂದೇ: ಬಿಗಿಯಾಗಿದೆಯೆಂದು ನಂಬಿಸಿ ಸಡಿಲವೆಂದು ತೋರಿಸುವುದು.

ಆಟದ ಹೆಸರು ಬಹುಬೇಗ ಬಾಳಿನ ಮಾತಾಯಿತು. ರಿಚರ್ಡ್ ಟಾಟೆಲ್ ಎಂಬಾತನು 1557ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಕವನಸಂಕಲನದಲ್ಲಿಯೇ ಇದು ಆಟದ ಮೇಜನ್ನು ಬಿಟ್ಟು ಮನುಷ್ಯರ ನಡತೆಯನ್ನು ಕುರಿತ ಮಾತಾಗಿ ಕಾಣಿಸಿಕೊಂಡಿದೆ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ತೊಗಲಿನ ಪಟ್ಟಿಯೊಂದರಿಂದಲೇ ಮೋಸ ಮಾಡಬೇಕೆಂಬ ನಿಯಮವೇನೂ ಇಲ್ಲ. ಕೊಟ್ಟ ಮಾತಿನಿಂದಲೂ ಮಾಡಬಹುದು. ಮಾತು ಕೊಡುವಾಗ ಅದು ಬಿಗಿಯಾಗಿ ಕಾಣುತ್ತದೆ. ನಡೆಸಬೇಕಾದ ಹೊತ್ತು ಬಂದಾಗ ಸಡಿಲವಾಗಿಬಿಡುತ್ತದೆ. ಕಡ್ಡಿ ಚುಚ್ಚಿದವನಂತೆಯೇ ಮಾತನ್ನು ನಂಬಿದವನೂ ಕೈಹಿಸುಕಿಕೊಂಡು ನಿಲ್ಲುತ್ತಾನೆ.

ಈ ನುಡಿಗಟ್ಟಿನ ಪೂರ್ಣ ಶಕ್ತಿಯನ್ನು ಕಂಡುಕೊಂಡವನು ಮಹಾಕವಿ ಷೇಕ್ಸ್‌ಪಿಯರ್. ಅವನು ಇದನ್ನು ಒಂದಕ್ಕಿಂತ ಹೆಚ್ಚು ನಾಟಕಗಳಲ್ಲಿ ಬಳಸಿದ್ದಾನೆ. ಅವುಗಳಲ್ಲಿ 'ಕಿಂಗ್ ಜಾನ್' ಎಂಬ ನಾಟಕದ ಒಂದು ಸನ್ನಿವೇಶ ಮರೆಯಲಾಗದಂತಹುದು. ಅದನ್ನು ತಿಳಿದುಕೊಂಡರೆ ನುಡಿಗಟ್ಟಿನ ಅರ್ಥ ಮನಸ್ಸಿನಲ್ಲಿ ನಾಟಿ ನಿಲ್ಲುತ್ತದೆ.

ಇಂಗ್ಲೆಂಡಿನ ದೊರೆ ಜಾನನು 1199ರಲ್ಲಿ ಸಿಂಹಾಸನವನ್ನೇರಿದನು. ಅವನ ಅಣ್ಣನ ಮಗನಾದ ಆರ್ಥರ್ ಎಂಬ ಬಾಲಕನಿಗೂ ಆ ಸಿಂಹಾಸನದ ಮೇಲೆ ಹಕ್ಕಿತ್ತು. ನಾಟಕದಲ್ಲಿ ಫ್ರಾನ್ಸಿನ ದೊರೆ ಫಿಲಿಪ್ಪನು ಆರ್ಥರನ ಪಕ್ಷವನ್ನು ವಹಿಸುತ್ತಾನೆ. ಬಾಲಕನಿಗೆ ರಾಜ್ಯವನ್ನು ದೊರಕಿಸಿಕೊಡುವೆನೆಂದು ಅವನ ತಾಯಿ ಕಾನ್‌ಸ್ಟನ್ಸಳಿಗೆ ಮಾತು ಕೊಟ್ಟು, ಸೈನ್ಯದೊಡನೆ ಹೊರಡುತ್ತಾನೆ. ಎರಡು ಸೇನೆಗಳೂ ಎದುರಾಗುತ್ತವೆ. ಅಷ್ಟರಲ್ಲಿ ಒಂದು ಸಂಧಾನದ ಸಲಹೆ ಬರುತ್ತದೆ. ಫಿಲಿಪ್ಪನ ಮಗನಿಗೂ ಜಾನನ ಸೋದರ ಸೊಸೆಗೂ ಮದುವೆಯಾಗಲಿ, ವರದಕ್ಷಿಣೆಯಾಗಿ ಪ್ರಾಂತಗಳು ಸಿಗಲಿ, ಯುದ್ಧ ನಿಲ್ಲಲಿ ಎಂಬುದೇ ಆ ಸಲಹೆ. ಫಿಲಿಪ್ಪನು ಒಪ್ಪುತ್ತಾನೆ. ಇಬ್ಬರು ದೊರೆಗಳೂ ಆಣೆಯಿಟ್ಟು ಒಬ್ಬರ ಕೈಯನ್ನೊಬ್ಬರು ಹಿಡಿಯುತ್ತಾರೆ. ಆರ್ಥರನಿಗೆ ಕೊಟ್ಟ ಮಾತು ಗಾಳಿಗೆ ಹೋಗುತ್ತದೆ. ಸುದ್ದಿಯನ್ನು ಕೇಳಿದ ಆ ತಾಯಿ ನೆಲದ ಮೇಲೆ ಕುಳಿತುಬಿಡುತ್ತಾಳೆ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹಿಡಿದ ಕೈಗಳು ಇನ್ನೂ ಬಿಟ್ಟಿಲ್ಲ, ಅಷ್ಟರಲ್ಲಿ ಪೋಪರ ಪ್ರತಿನಿಧಿಯಾದ ಪ್ಯಾಂಡಲ್ಫನು ಬರುತ್ತಾನೆ. ಕ್ಯಾಂಟರ್ಬರಿಯ ಪ್ರಧಾನ ಧರ್ಮಾಧ್ಯಕ್ಷನ ನೇಮಕದ ವಿಷಯದಲ್ಲಿ ಜಾನನು ಪೋಪರ ಆಜ್ಞೆಯನ್ನು ಮೀರಿದ್ದನು. ಅದಕ್ಕಾಗಿ ಪ್ಯಾಂಡಲ್ಫನು ಜಾನನಿಗೆ ಬಹಿಷ್ಕಾರ ವಿಧಿಸಿ, ಅವನ ಕೈಯನ್ನು ಬಿಟ್ಟುಬಿಡುವಂತೆ ಫಿಲಿಪ್ಪನಿಗೆ ಕಟ್ಟಪ್ಪಣೆ ಮಾಡುತ್ತಾನೆ. ಆಗ ಫಿಲಿಪ್ಪನು ಸಂಕಟದಿಂದ ಕೇಳುವ ಪ್ರಶ್ನೆಯಲ್ಲಿ ನಮ್ಮ ನುಡಿಗಟ್ಟು ಬರುತ್ತದೆ. ನೆತ್ತರಿನಿಂದ ಕೆಂಪಾಗಿದ್ದ ಕೈಗಳನ್ನು ಈಗತಾನೆ ತೊಳೆದುಕೊಂಡು ಸ್ನೇಹದಲ್ಲಿ ಬೆಸೆದಿದ್ದೇವೆ. ಅವನ್ನು ಮತ್ತೆ ಬಿಡಿಸುವುದೇ? ಕೊಟ್ಟ ನಂಬಿಕೆಯೊಡನೆ ಬಿಗಿ-ಸಡಿಲದ ಆಟವನ್ನಾಡುವುದೇ? ಇದು ದೈವವನ್ನೇ ಹಾಸ್ಯ ಮಾಡಿದಂತಾಗದೇ? ಎಂಬುದು ಅವನ ಅಳಲಿನ ತಾತ್ಪರ್ಯ.

ಎಂತಹ ಉದಾತ್ತವಾದ ಪ್ರಶ್ನೆ! ಅದನ್ನು ಕೇಳಿದ ದೊರೆಯು ಎಂದಿಗೂ ಮಾತಿಗೆ ತಪ್ಪಲಾರನೆಂದು ನಮಗೆ ತೋರುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿಯೇ, ಬೆದರಿಕೆಯ ಭಾರ ಹೆಚ್ಚಿದಂತೆ, ಫಿಲಿಪ್ಪನು ಜಾನನ ಕೈಯನ್ನು ಬಿಟ್ಟುಬಿಡುತ್ತಾನೆ. ಕನ್ನಡದಲ್ಲಿ 'ಕೈಬಿಟ್ಟನು' ಎಂದರೆ ಏನೋ ಅದನ್ನೇ ಅವನು ರಂಗದ ಮೇಲೆ ಎಲ್ಲರ ಕಣ್ಣೆದುರಿನಲ್ಲಿ ಮಾಡಿ ತೋರಿಸುತ್ತಾನೆ. ಯಾವುದನ್ನು ಮಾಡಬಾರದೆಂದು ಅವನಿಗೆ ಚೆನ್ನಾಗಿ ತಿಳಿದಿತ್ತೋ, ಯಾವುದಕ್ಕೆ ಅವನೇ ಹೆಸರಿಟ್ಟು ಹೇಸಿದನೋ, ಅದನ್ನೇ ಮಾಡಿದನು. ಮತ್ತೆ ಯುದ್ಧ ಹತ್ತಿಕೊಳ್ಳುತ್ತದೆ. ಆರ್ಥರನು ಸೆರೆಯಾಗುತ್ತಾನೆ, ಕೊನೆಗೆ ಕೋಟೆಯ ಗೋಡೆಯಿಂದ ಧುಮುಕಿ ತಪ್ಪಿಸಿಕೊಳ್ಳಹೋಗಿ ಪ್ರಾಣ ಬಿಡುತ್ತಾನೆ. ಆಟವಾಡಿದವರು ದೊರೆಗಳು, ಪಣವಾದವನು ಬಾಲಕ.

ಇತಿಹಾಸದ ಜಾನನೂ ಈ ಆಟದಲ್ಲಿ ಹಿಂದುಳಿದವನಲ್ಲ. ಅವನ ಅನ್ಯಾಯಗಳನ್ನು ತಾಳಲಾರದೆ ಸಾಮಂತರು ದಂಗೆಯೆದ್ದಾಗ, 1215ರ ಜೂನ್ ತಿಂಗಳಲ್ಲಿ ಥೇಮ್ಸ್ ನದಿಯ ದಡದ ರನಿಮೀಡ್ ಎಂಬಲ್ಲಿ ಅವನು ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಮುದ್ರೆಯೊತ್ತಿದನು. ದೊರೆಯೂ ಕಾನೂನಿಗೆ ಕಟ್ಟುಬಿದ್ದವನು ಎಂಬ ತತ್ತ್ವಕ್ಕೆ ಆ ಪತ್ರ ಆಧಾರವಾಯಿತು. ಆದರೆ ಮುದ್ರೆಯೊತ್ತಿದ ಕೈಯೇ ಅದರಿಂದ ಬಿಡುಗಡೆ ಕೊಡಿಸಬೇಕೆಂದು ಪೋಪರಿಗೆ ಮೊರೆಯಿಟ್ಟಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮೂರನೆಯ ಇನ್ನೊಸೆಂಟ್ ಪೋಪರು ಪತ್ರವನ್ನು ರದ್ದುಪಡಿಸಿದರು. ದೇಶದಲ್ಲಿ ಅಂತಃಕಲಹ ಎದ್ದಿತು. ಮರುವರ್ಷ, 1216ರಲ್ಲಿ, ಜಾನನು ಆ ಕಲಹದ ನಡುವೆಯೇ ತೀರಿಕೊಂಡನು.

ಮೊದಮೊದಲು ಪ್ರೇಮಕ್ಕೂ ಕೊಟ್ಟ ಮಾತಿಗೂ ಸಂಬಂಧಿಸಿದಂತೆ ಬಳಕೆಯಾಗುತ್ತಿದ್ದ ಈ ನುಡಿಗಟ್ಟು ಕಾಲಕ್ರಮದಲ್ಲಿ ತನ್ನ ವ್ಯಾಪ್ತಿಯನ್ನು ಹಿಗ್ಗಿಸಿಕೊಂಡಿತು. ಇಂದು ಸತ್ಯದೊಡನೆ, ಅಂಕಿಸಂಖ್ಯೆಗಳೊಡನೆ, ನಿಯಮಗಳೊಡನೆ, ಪರರ ಹಣದೊಡನೆ, ಪರರ ಭಾವನೆಗಳೊಡನೆ, ಜನರ ಸುರಕ್ಷತೆಯೊಡನೆ ಈ ಆಟವನ್ನು ಆಡುವವರಿದ್ದಾರೆ. ಇಂಗ್ಲಿಷಿನಲ್ಲಿ ಇದನ್ನು ಬಳಸುವಾಗ 'ವಿತ್' ಎಂಬ ಪದವನ್ನು ಸೇರಿಸಿ, ಯಾವುದರೊಡನೆ ಆಟವಾಡಲಾಗುತ್ತಿದೆ ಎಂಬುದನ್ನು ಹೇಳುವುದು ವಾಡಿಕೆ. ಪದಗಳ ಕ್ರಮವನ್ನು ಬದಲಾಯಿಸುವಂತಿಲ್ಲ. 'ಲೂಸ್ ಅಂಡ್ ಫಾಸ್ಟ್' ಎಂದು ಯಾರೂ ಹೇಳುವುದಿಲ್ಲ. ಇದು ಯಾವಾಗಲೂ ನಿಂದೆಯ ಮಾತೆಂಬುದನ್ನೂ ನೆನಪಿನಲ್ಲಿಡಬೇಕು. ಒಬ್ಬನ ಧೈರ್ಯವನ್ನಾಗಲಿ ಚುರುಕುತನವನ್ನಾಗಲಿ ಹೊಗಳುವುದಕ್ಕೆ ಇದನ್ನು ಬಳಸಿದರೆ ಹೊಗಳಿಕೆಯು ಬೈಗುಳವಾಗಿ ಪರಿಣಮಿಸುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಅಲಕ್ಷ್ಯವನ್ನು ಹೇಳುವ ನುಡಿಗಟ್ಟುಗಳು ಇಂಗ್ಲಿಷಿನಲ್ಲಿ ಹಲವಿವೆ. ಒಂದೊಂದರ ಹಿಂದೆಯೂ ಒಂದೊಂದು ಚಿತ್ರವಿದೆ. 'ರೈಡ್ ರಫ್‌ಶಾಡ್ ಓವರ್' ಎಂಬುದು ಕುದುರೆಯ ಲಾಳದಿಂದ ಬಂದಿತು. ಹಿಮದ ಮೇಲೆ ಜಾರದಿರಲೆಂದು ಮೊಳೆಯ ತಲೆಗಳು ಹೊರಚಾಚುವಂತೆ ಹೊಡೆದ ಲಾಳವದು. ಅಂತಹ ಕುದುರೆಯನ್ನು ಇತರರ ಮೇಲೆ ಹಾಯಿಸಿದಂತೆ, ಅವರ ಇಚ್ಛೆಯನ್ನೂ ಭಾವನೆಯನ್ನೂ ತುಳಿದು ನಡೆಯುವುದು ಅದರ ಅರ್ಥ. ಅದರಲ್ಲಿ ದರ್ಪವಿದೆ. 'ಪ್ಲೇ ಫಾಸ್ಟ್ ಅಂಡ್ ಲೂಸ್' ಎಂಬುದರಲ್ಲಿ ಇರುವುದು ದರ್ಪವಲ್ಲ, ಹಗುರತನ. ತಾನು ಕಟ್ಟುಬಿದ್ದಿರುವುದನ್ನು ತಿಳಿದೂ ಕಟ್ಟಿಲ್ಲದವನಂತೆ ನಡೆಯುವ ಜಾರುತನ.

ಬರಿಯ ಮರೆವಿಗೆ ಈ ಮಾತು ಸಲ್ಲುವುದಿಲ್ಲ. ಮರೆತವನು ತಪ್ಪು ಮಾಡಿದವನು ನಿಜ. ಆದರೆ ಅವನು ಆಟವಾಡಿದವನಲ್ಲ. ಈ ವ್ಯತ್ಯಾಸವನ್ನು ನಿಜಜೀವನದ ಒಂದು ದುರಂತದಿಂದ ತಿಳಿದುಕೊಳ್ಳೋಣ.

1987ರ ಮಾರ್ಚ್ 6ರ ಸಂಜೆ ಬೆಲ್ಜಿಯಂ ದೇಶದ ಜೇಬ್ರುಗೆ ಬಂದರಿನಿಂದ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ಹಡಗು ಇಂಗ್ಲೆಂಡಿನ ಡೋವರ್ ಬಂದರಿಗೆ ಹೊರಟಿತು. ಕಾರುಗಳೂ ಲಾರಿಗಳೂ ನೇರವಾಗಿ ಹಡಗಿನೊಳಕ್ಕೆ ನುಗ್ಗುವಂತೆ ಅದರ ಮುಂಭಾಗದಲ್ಲಿ ದೊಡ್ಡ ಬಾಗಿಲುಗಳಿದ್ದವು. ಹೊರಡುವ ಮೊದಲು ಅವನ್ನು ಮುಚ್ಚಿ ಬಿಗಿಯಬೇಕು. ಇಂಗ್ಲಿಷ್ ನಾವಿಕರು ಹೀಗೆ ಬಿಗಿಯುವುದನ್ನು 'ಮೇಕ್ ಫಾಸ್ಟ್' ಎನ್ನುತ್ತಾರೆ. ನಮ್ಮ ಹಳೆಯ ಪದವೇ ಅದು. ಆ ಕೆಲಸ ಮಾಡಬೇಕಾದ ನಾವಿಕನು ತನ್ನ ಕೋಣೆಯಲ್ಲಿ ನಿದ್ರಿಸುತ್ತಿದ್ದನು. ಹಡಗನ್ನು ನಡೆಸುವವರು ನಿಲ್ಲುವ ಜಾಗದಿಂದ ಬಾಗಿಲುಗಳು ಕಾಣಿಸುತ್ತಿರಲಿಲ್ಲ. ತೊಂದರೆಯಿದೆಯೆಂದು ಯಾರೂ ಬಂದು ಹೇಳದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ತಿಳಿಯುವುದೇ ಅಲ್ಲಿಯ ರೂಢಿಯಾಗಿತ್ತು. ಬಾಗಿಲುಗಳು ತೆರೆದಂತೆಯೇ ಹಡಗು ಸಮುದ್ರವನ್ನು ಸೇರಿತು. ವೇಗ ಹೆಚ್ಚಿದಂತೆ ನೀರು ಒಳಗೆ ನುಗ್ಗಿತು. ಒಂದೆರಡು ನಿಮಿಷಗಳಲ್ಲಿಯೇ ಹಡಗು ಮಗ್ಗುಲಾಗಿ ಬಿದ್ದಿತು. 193 ಮಂದಿ ಪ್ರಾಣ ಕಳೆದುಕೊಂಡರು.

ನಿದ್ರೆ ಹೋದ ನಾವಿಕನು ಕರ್ತವ್ಯಲೋಪ ಮಾಡಿದನು; ಅದರಲ್ಲಿ ಸಂದೇಹವಿಲ್ಲ. ಆದರೆ ನ್ಯಾಯಮೂರ್ತಿ ಷೀನ್ ಅವರು ನಡೆಸಿದ ವಿಚಾರಣೆಯಲ್ಲಿ ಇನ್ನೂ ಕೆಲವು ಸಂಗತಿಗಳು ಹೊರಬಿದ್ದವು. ಅದೇ ಸಂಸ್ಥೆಯ ಇನ್ನೊಂದು ಹಡಗು 1983ರಲ್ಲಿಯೇ ಬಾಗಿಲು ತೆರೆದುಕೊಂಡು ಹೊರಟಿದ್ದಿತು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದನ್ನು ತೋರಿಸುವ ದೀಪಗಳನ್ನು ಅಳವಡಿಸಿರೆಂದು ಹಡಗಿನ ಕಪ್ತಾನರು 1985ರಲ್ಲಿ ಕೇಳಿಕೊಂಡಿದ್ದರು. ಸಂಸ್ಥೆಯ ಮೇಲಧಿಕಾರಿಗಳು ಅದನ್ನು ನಗೆಯಾಡಿ ತಳ್ಳಿಹಾಕಿದ್ದರು. ಅಜಾಗರೂಕತೆಯೆಂಬ ರೋಗವು ಸಂಸ್ಥೆಯನ್ನು ಮೇಲಿನಿಂದ ಕೆಳಗಿನವರೆಗೂ ವ್ಯಾಪಿಸಿತ್ತೆಂಬುದು ವಿಚಾರಣೆಯ ನಿರ್ಣಯವಾಗಿತ್ತು. ನಾವಿಕನದು ಅಲಕ್ಷ್ಯ. ಅಪಾಯವನ್ನು ಎಚ್ಚರಿಸಿದ ಮೇಲೂ ನಗೆಯಾಡಿದವರದು ಜನರ ಜೀವದೊಡನೆ ಆಡಿದ ಬಿಗಿ-ಸಡಿಲದ ಆಟ. ನಮ್ಮ ನುಡಿಗಟ್ಟು ನಿಜವಾಗಿ ಒಪ್ಪುವುದು ಈ ಎರಡನೆಯವರಿಗೆ.

ಇಂತಹ ಮಾತನ್ನು ಕನ್ನಡದಲ್ಲಿ ಹೇಳಬೇಕಾದಾಗ ಏನು ಮಾಡಬೇಕು? 'ಬಿಗಿ-ಸಡಿಲ ಆಡಿದರು' ಎಂದರೆ ಆಟವನ್ನರಿಯದ ನಮ್ಮ ಓದುಗರಿಗೆ ಏನೂ ತಿಳಿಯದು. ಪದಕ್ಕೆ ಪದವನ್ನು ಹುಡುಕುವ ಬದಲು ಭಾವಕ್ಕೆ ಭಾವವನ್ನು ಹುಡುಕಬೇಕು. ಹಾಗೆ ಹುಡುಕಿದರೆ ನಮ್ಮ ಭಾಷೆ ಬಡವಲ್ಲವೆಂಬುದು ತಿಳಿಯುತ್ತದೆ. ನಿಯಮಗಳ ವಿಷಯವಾದರೆ 'ಗಾಳಿಗೆ ತೂರಿದರು' ಎನ್ನುತ್ತೇವೆ. ಸತ್ಯದ ವಿಷಯವಾದರೆ 'ಸತ್ಯಕ್ಕೆ ಎಳ್ಳುನೀರು ಬಿಟ್ಟರು' ಎನ್ನುತ್ತೇವೆ. ಮಾತಿನ ವಿಷಯವಾದರೆ 'ಮಾತಿಗೆ ತಪ್ಪಿದರು' ಎನ್ನುತ್ತೇವೆ. ಜೀವದ ವಿಷಯವಾದರೆ 'ಜೀವದೊಡನೆ ಚೆಲ್ಲಾಟವಾಡಿದರು' ಎನ್ನುತ್ತೇವೆ. ಈ ಕೊನೆಯದರಲ್ಲಿ ಇಂಗ್ಲಿಷಿನಲ್ಲಿರುವಂತೆಯೇ ಆಟವಿರುವುದನ್ನು ನೋಡಿರಿ. ಆಟವಾಡುವವನಿಗೂ ಆಟಕ್ಕೆ ಸಿಕ್ಕಿದವನಿಗೂ ಇರುವ ಅಂತರವನ್ನು ನಮ್ಮ ಹಿರಿಯರು 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಒಂದೇ ಗಾದೆಯಲ್ಲಿ ಹಿಡಿದಿಟ್ಟಿದ್ದಾರೆ. ಬಾಲಕ ಆರ್ಥರನ ಪಾಡೂ ಹಡಗಿನ ಪ್ರಯಾಣಿಕರ ಪಾಡೂ ಆ ಗಾದೆಯಲ್ಲಿ ಅಡಗಿವೆ.

ಬಿಗಿ ಮತ್ತು ಸಡಿಲ ಎಂಬ ಚಿತ್ರವೂ ಕನ್ನಡಕ್ಕೆ ಅಪರಿಚಿತವಲ್ಲ. ಸಮಾಜವು ಹಾಕಿಕೊಂಡ ನಿಯಮಗಳನ್ನು ನಾವು 'ಕಟ್ಟಳೆ', 'ಕಟ್ಟುಪಾಡು' ಎಂದು ಕರೆಯುತ್ತೇವೆ. ನಿಯಮವನ್ನು ಸರಿಯಾಗಿ ನಡೆಸುವುದು 'ಕಟ್ಟುನಿಟ್ಟು'. ಆಡಿದ ಮಾತಿನಂತೆ ನಡೆಯುವವನು 'ಮಾತಿಗೆ ಕಟ್ಟುಬಿದ್ದವನು'. ನಿಯಮವನ್ನು ಮೀರಲು ಅವಕಾಶ ಕೊಡುವುದು 'ಸಡಿಲಿಸುವುದು'. ಇಂಗ್ಲಿಷರಿಗೆ ಹೇಗೋ ಹಾಗೆಯೇ ನಮಗೂ ಮಾತೆಂಬುದು ಒಂದು ಕಟ್ಟು. ಮನುಷ್ಯನು ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಹುಲಿಯ ಮುಂದೆ ಕೊಟ್ಟ ಮಾತಿಗೆ ಕಟ್ಟುಬಿದ್ದು, ಕರುವಿಗೆ ಹಾಲೂಡಿಸಿ ಮರಳಿ ಬಂದ ಪುಣ್ಯಕೋಟಿಯ ಕಥೆಯನ್ನು ನೀವೆಲ್ಲರೂ ಬಾಲ್ಯದಿಂದಲೇ ಬಲ್ಲಿರಿ. ಅವಳಿಗೆ ತಪ್ಪಿಸಿಕೊಳ್ಳುವ ದಾರಿ ತೆರೆದೇ ಇತ್ತು. ಅವಳನ್ನು ಹಿಡಿದುಕೊಂಡಿದ್ದುದು ಮಾತೊಂದೇ. ಉದಾತ್ತವಾದ ಪ್ರಶ್ನೆಯನ್ನು ಕೇಳಿ ಕೈಬಿಟ್ಟ ದೊರೆಯೊಬ್ಬನು ಒಂದು ಕಡೆ. ಮಾತಿಗಾಗಿ ಮರಳಿ ಬಂದ ಹಸುವೊಂದು ಇನ್ನೊಂದು ಕಡೆ.

ನಮ್ಮ ದಿನನಿತ್ಯದ ಬಾಳಿನಲ್ಲಿ ಸಿಂಹಾಸನಗಳ ಪ್ರಶ್ನೆಯಾಗಲಿ ಹಡಗುಗಳ ಪ್ರಶ್ನೆಯಾಗಲಿ ಏಳುವುದು ವಿರಳ. ಆದರೆ ಚಿಕ್ಕ ಚಿಕ್ಕ ಕಟ್ಟುಗಳು ಪ್ರತಿದಿನವೂ ನಮ್ಮ ಕೈಯಲ್ಲಿರುತ್ತವೆ. ಗೆಳೆಯನಿಂದ ಎರವಲು ಪಡೆದ ಪುಸ್ತಕವನ್ನು ಸೋಮವಾರ ಮರಳಿಸುವೆನೆಂದು ಹೇಳಿರುತ್ತೇವೆ. ಪ್ರಯೋಗಾಲಯದಲ್ಲಿ ಕಂಡ ಅಳತೆಯೊಂದು, ಬರಬೇಕಾಗಿದ್ದ ಉತ್ತರವೊಂದು ಆಗಿರುತ್ತದೆ. ಅಂಕಿಯನ್ನು ಒಂದಿಷ್ಟು ತಿದ್ದಿಬಿಡೋಣವೆಂದು ಮನಸ್ಸು ಸೆಳೆಯುತ್ತದೆ. ಕೇಳಿದ ಸುದ್ದಿ ನಿಜವೋ ಸುಳ್ಳೋ ಎಂದು ವಿಚಾರಿಸದೆಯೇ ಹತ್ತು ಜನರಿಗೆ ಹಂಚಿಬಿಡುತ್ತೇವೆ. ಆಗೆಲ್ಲ ತೊಗಲಿನ ಪಟ್ಟಿಯ ಎರಡು ತುದಿಗಳೂ ನಮ್ಮ ಕೈಯಲ್ಲಿಯೇ ಇರುತ್ತವೆ. ಎದುರಿಗಿರುವವನು ನಂಬಿ ಕಡ್ಡಿಯನ್ನು ಚುಚ್ಚಿರುತ್ತಾನೆ. ಅದು ಬಿಗಿಯಾಗಿ ನಿಲ್ಲಬೇಕೋ ಸಡಿಲವಾಗಿ ಜಾರಬೇಕೋ ಎಂಬುದನ್ನು ತೀರ್ಮಾನಿಸುವವರು ನಾವೇ.